ಹೊಸೂರು ಸೀಮೆಯ ಹಳ್ಳಿ ಕೆರೆಯಲ್ಲಿ ಗಾಳ ಹಾಕುವ ಬಗೆ: ನೆಲ ನೋಡುವುದರಿಂದ ಮೀನು ಬಿಡಿಸುವವರೆಗೆ

ಭಾನುವಾರ ಬಂದರೆ ನಮ್ಮೂರ ಕೆರೆ ಏರಿ ಮೇಲೆ ಬೆಂಗಳೂರಿನ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಒಬ್ಬೊಬ್ಬರ ಕೈಯಲ್ಲೂ ಐದಾರು ಸಾವಿರದ ರಾಡು, ರೀಲು. ಏರಿ ಮೇಲೆ ನಿಂತು ಕೆರೆಯ ನಡುಮಧ್ಯಕ್ಕೆ ಬೀಸಿ ಎಸೆಯುತ್ತಾರೆ. ಸಂಜೆಯಾದರೂ ದಾರಕ್ಕೆ ಕಟ್ಟಿದ ತೇಲುವ ಬೆಂಡು ಅಲ್ಲಾಡುವುದಿಲ್ಲ. ಅದೇ ಏರಿಯ ಬುಡದಲ್ಲಿ, ತೂಬಿನ ಮಗ್ಗುಲಿಗೆ ಬಿದಿರು ಕೋಲು ಹಿಡಿದು ಕೂತ ಕುರಿ ಕಾಯುವ ಹುಡುಗ ಒಂಬತ್ತು ಗಂಟೆಗೆಲ್ಲ ಆರು ಜಿಲೇಬಿ ಮೀನು ಹಿಡಿದು ಮನೆಗೆ ಹೋಗಿರುತ್ತಾನೆ. ನೀರಿನ ಕೆಳಗೆ ನೆಲ ಹೇಗಿದೆ ಅಂತ ಆ ಹುಡುಗನಿಗೆ ಗೊತ್ತು. ಬೇಸಿಗೆಯಲ್ಲಿ ಅವನು ಕುರಿ ಮೇಯಿಸಿದ್ದು ಅಲ್ಲೇ ಅಲ್ವಾ?

ನಾನು ಬರೆಯುತ್ತಿರುವುದು ಹೊಸೂರು, ಕೆಲಮಂಗಲ, ಡೆಂಕಣಿಕೋಟೆ, ತಳಿ ಸುತ್ತಿನ ಸಣ್ಣ ಕೆರೆಗಳ ಬಗ್ಗೆ. ಅಣೆಕಟ್ಟೆಗಳ ಲೆಕ್ಕವೇ ಬೇರೆ. ಇಲ್ಲಿ ನೀರು ತುಂಬಿದಾಗಲೂ ಮುಕ್ಕಾಲು ಕೆರೆ ಎದೆಮಟ್ಟ ದಾಟುವುದಿಲ್ಲ.

ಮೊದಲು ಕೆರೆಯ ಮೈಕಟ್ಟು ತಿಳಿಯಿರಿ

ಈ ಸೀಮೆ ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. 2004ಕ್ಕೆ ಮುಂಚೆ ಧರ್ಮಪುರಿ ಜಿಲ್ಲೆ. ಮನೆಯಲ್ಲಿ ಕನ್ನಡ ಇಲ್ಲವೇ ತೆಲುಗು, ಆಫೀಸಿನಲ್ಲಿ ತಮಿಳು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿ ಪೇಟೆ ಸುಮಾರು 500 ಮೀಟರ್. ಹಾಗಾಗಿ ಕೆಳಗೆ ಕೃಷ್ಣಗಿರಿ ಹತ್ತಿರದ ಕೆಆರ್‌ಪಿ ಅಣೆಕಟ್ಟೆಗಿಂತ ನಮ್ಮ ಕೆರೆ ನೀರು ತಂಪು. ಅಲ್ಲಿ ಮೀನು ಹಿಡಿದವರು ಹೇಳುವ ಹೊತ್ತು, ತಿಂಗಳು ನಮಗೆ ಹಾಗೇ ಹೊಂದುವುದಿಲ್ಲ.

ಹೊಸೂರು, ಬಾಗಲೂರು ಕಡೆಯ ನೀರು ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಅದನ್ನೇ ತಮಿಳರು ತೆನ್‌ಪೆಣ್ಣೈ ಅನ್ನುತ್ತಾರೆ. ಅಂಚೆಟ್ಟಿ ಕಡೆಯ ಹಳ್ಳಗಳು ಕಾವೇರಿಗೆ ಸೇರುತ್ತವೆ. ಎರಡು ಕಡೆಯೂ ಕೆರೆ ಕಟ್ಟಿರುವ ರೀತಿ ಒಂದೇ. ಎರಡು ದಿಣ್ಣೆಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ, ಒಳಮೈಗೆ ಕಲ್ಲುಕಟ್ಟು, ತೀರಾ ತಗ್ಗಿನ ಜಾಗದಲ್ಲಿ ತೂಬು, ಒಂದು ತುದಿಯಲ್ಲಿ ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ.

ಒಂದು ತಟ್ಟೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ನೀರು ಹಾಕಿ ನೋಡಿ. ಒಂದು ಅಂಚಿನಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಬರೀ ಒದ್ದೆ. ಹಳ್ಳಿ ಕೆರೆ ಅಂದರೆ ಅದೇ. ಏರಿಯ ಉದ್ದಕ್ಕೂ ಆಳ, ಎದುರು ದಡದಲ್ಲಿ ಪಾದ ಮುಳುಗುವಷ್ಟು. ನಮ್ಮ ಕೆರೆ ಸುಮಾರು ನಲವತ್ತು ಎಕರೆ. ತುಂಬಿದಾಗ ತೂಬಿನ ಹತ್ತಿರ ಹತ್ತಡಿ, ನಡುವೆ ನಾಲ್ಕಡಿ, ಎದುರಿನ ಜೊಂಡಿನ ಹತ್ತಿರ ಒಂದೂವರೆ ಅಡಿ. ಕೆರೆ ನಡುವೆ ಆಳ ಜಾಸ್ತಿ ಅನ್ನುವ ಲೆಕ್ಕಾಚಾರ ಇಲ್ಲಿ ತಪ್ಪುತ್ತದೆ. ಬೆಂಗಳೂರಿನ ಹುಡುಗರು ಸೋಲುವುದು ಅಲ್ಲೇ.

ಬೇಸಿಗೆಯಲ್ಲಿ ಕೆರೆ ಅಂಗಳ ನಡೆದು ನೋಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೆ. ಏಪ್ರಿಲ್ ಕೊನೆಗೆ ನೀರು ತೂಬಿನ ಸುತ್ತ ಒಂದು ಹೊಂಡಕ್ಕೆ ಇಳಿದಿರುತ್ತದೆ. ಉಳಿದ ಅಂಗಳ ಒಣಗಿ ಬಿರುಕು ಬಿಟ್ಟಿರುತ್ತದೆ. ಒಂದು ಕೋಲು, ಒಂದು ನೋಟ್‌ಬುಕ್ ಹಿಡಿದು ಬೆಳಿಗ್ಗೆ ಏಳು ಗಂಟೆಗೆ ಇಳಿಯಿರಿ. ಕಂದು ಬಣ್ಣದ ಕೆಸರಿನ ಮೇಲೆ ಕಾಲಿಡುವ ಮುಂಚೆ ಕೋಲು ಚುಚ್ಚಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹೂಳು ಹಸಿಯಾಗಿರುತ್ತದೆ.

ಮೊದಲು ಹುಡುಕಬೇಕಾದದ್ದು ಹಳೇ ಹಳ್ಳದ ದಾರಿ. ಕೆರೆ ಕಟ್ಟುವ ಮುಂಚೆ ಇಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಹೂಳು ತುಂಬಿದರೂ ಅದರ ಗುರುತು ಪೂರ್ತಿ ಅಳಿಯುವುದಿಲ್ಲ. ಸುತ್ತಲಿನ ನೆಲಕ್ಕಿಂತ ಒಂದಡಿ, ಒಂದೂವರೆ ಅಡಿ ತಗ್ಗು ಇರುತ್ತದೆ. ಹಾವಿನಂತೆ ಬಳುಕುತ್ತಾ ತೂಬಿನ ಕಡೆ ಹೋಗುತ್ತದೆ. ಮೂರಡಿ ನೀರಿರುವ ಕಡೆ ಒಂದೂವರೆ ಅಡಿ ತಗ್ಗು ಅಂದರೆ ಮೀನಿಗೆ ದೊಡ್ಡ ರಸ್ತೆ. ಬೆಳಿಗ್ಗೆ ಆಳದಿಂದ ತೆಳುನೀರಿಗೆ ಮೇಯಲು ಹೋಗುವುದು, ಬಿಸಿಲೇರಿದಾಗ ವಾಪಸ್ ಬರುವುದು ಇದೇ ದಾರಿಯಲ್ಲಿ. ಹಳ್ಳ ತಿರುಗುವ ಮೂಲೆಗಳನ್ನು ಗುರುತು ಮಾಡಿಕೊಳ್ಳಿ.

ಆಮೇಲೆ ಗುಂಡಿಗಳು. ಇಟ್ಟಿಗೆಗೆ, ಹೊಲಕ್ಕೆ ಅಂತ ಮಣ್ಣು ತೆಗೆದ ಜಾಗಗಳು. ಕೆಲವು ಆಳೆತ್ತರ ಇರುತ್ತವೆ, ಅಂಚು ಗೋಡೆಯಂತೆ ನೆಟ್ಟಗೆ. ಮೀನು ಅಲ್ಲಿ ನಿಲ್ಲುತ್ತದೆ ನಿಜ, ಆದರೆ ಇವು ಯಮನ ಬಾಯಿ. ಒಂದು ವರ್ಷ ಅಕ್ಟೋಬರ್‌ನಲ್ಲಿ ಸಿಕ್ಕಿಹಾಕಿಕೊಂಡ ಗಾಳ ಬಿಡಿಸಲು ಮೊಣಕಾಲು ನೀರಿನಲ್ಲಿ ನಡೆದೆ. ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ. ಕುತ್ತಿಗೆವರೆಗೆ ಇಳಿದೆ. ಈಜು ಬರುತ್ತಿದ್ದರಿಂದ ಉಳಿದೆ. ಆ ಬೇಸಿಗೆಯಲ್ಲಿ ನಾನು ಅಂಗಳ ನಡೆದಿರಲಿಲ್ಲ.

ಜಾಲಿ ಬೊಡ್ಡೆಗಳು, ಬಂಡೆಗಳು, ಕೆಲವು ಕೆರೆಗಳ ಒಳಗೇ ಇರುವ ಹಳೇ ಬಾವಿ, ಇವನ್ನೂ ಬರೆದುಕೊಳ್ಳಿ. ಬರೆಯುವ ಬಗೆ ಹೀಗೆ: ಆ ಜಾಗದಲ್ಲಿ ನಿಂತು ಏರಿ ಕಡೆ ತಿರುಗಿ. ಹಿಂದೆ ಮುಂದೆ ಇರುವ ಎರಡು ವಸ್ತು ಒಂದೇ ಗೆರೆಗೆ ಬರುವುದನ್ನು ನೋಡಿ. ನನ್ನ ನೋಟ್‌ಬುಕ್‌ನಲ್ಲಿ ಒಂದು ಸಾಲು ಹೀಗಿದೆ: ‘ಗುಡಿ ಕಳಶ, ಮೂರನೇ ಕರೆಂಟ್ ಕಂಬ ಒಂದೇ ಗೆರೆ. ಕಲ್ಲುಕಟ್ಟಿನಿಂದ ಹನ್ನೆರಡು ಹೆಜ್ಜೆ. ಹಳ್ಳದ ತಿರುವು, ಎಡಕ್ಕೆ ಜಾಲಿ ಬೊಡ್ಡೆ.’ ನೀರು ತುಂಬಿದ ಮೇಲೆ ಕಾಣುವುದು ಗುಡಿ, ಕಂಬ ಎರಡೇ. ಅಷ್ಟು ಸಾಕು.

ನಿಮಗೆ ಬೇಸಿಗೆ ತಪ್ಪಿಹೋಯಿತು, ಕೆರೆ ಆಗಲೇ ತುಂಬಿದೆ ಅನ್ನಿ. ಆಗ ಎಮ್ಮೆ ನೋಡಿ. ನೀರಿಗಿಳಿದ ಎಮ್ಮೆಯ ಹೊಟ್ಟೆ ಮುಳುಗಿದರೆ ಎರಡಡಿ ಮೇಲೆ, ಬೆನ್ನು ಮುಳುಗಿದರೆ ನಾಲ್ಕಡಿ ಮೇಲೆ. ಬೆಳ್ಳಕ್ಕಿ ನಿಂತ ಕಡೆ ಗೇಣುದ್ದದ ನೀರು. ನೀರುಕಾಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುಳುಗಿದರೆ ಅಲ್ಲಿ ಮರಿಮೀನಿನ ಗುಂಪಿದೆ. ಕೊನೆಯದಾಗಿ ಗಾಳದ ತುದಿಗೆ ಒಂದು ದೊಡ್ಡ ಸೀಸದ ಗುಂಡು ಕಟ್ಟಿ, ಬೆಂಡನ್ನು ಮೇಲೆ ಕೆಳಗೆ ಸರಿಸುತ್ತಾ ಅಳೆಯಿರಿ. ಬೆಂಡು ಮುಳುಗಿದರೆ ಆಳ ಇನ್ನೂ ಇದೆ, ಅಡ್ಡ ಮಲಗಿದರೆ ದಾರ ಜಾಸ್ತಿಯಾಯಿತು.

ಯಾರ ಕೆರೆ ಅಂತ ಕೇಳಿ

ಕೆರೆಯಲ್ಲಿ ಕಾಟ್ಲಾದಂಥ ಮೀನಿದೆ ಅಂದರೆ ಅದನ್ನು ಯಾರೋ ಬಿಟ್ಟಿದ್ದಾರೆ ಅಂತಲೇ ಲೆಕ್ಕ. ಕಾಟ್ಲಾ, ರೋಹು, ಮೃಗಾಲ್ ಹರಿಯುವ ನದಿಯಲ್ಲಿ ಮೊಟ್ಟೆ ಇಡುವ ಮೀನುಗಳು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಮರಿ ತಂದು ಬಿಡುತ್ತಾರೆ. ತಮಿಳುನಾಡಿನಲ್ಲಿ 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ (ನೀರುಣ್ಣುವ ಜಮೀನಿನ) ಕೆರೆಗಳು ಸಾಮಾನ್ಯವಾಗಿ ಸರ್ಕಾರದ ನೀರಾವರಿ ಇಲಾಖೆಗೆ ಸೇರುತ್ತವೆ, ಸಣ್ಣವು ಪಂಚಾಯ್ತಿ ಯೂನಿಯನ್‌ಗೆ. ಮೀನು ಗುತ್ತಿಗೆ ಹೆಚ್ಚಾಗಿ ಫಸಲಿ ವರ್ಷದ ಲೆಕ್ಕದಲ್ಲಿ, ಜುಲೈ 1ರಿಂದ ಜೂನ್ 30ರವರೆಗೆ. ಯಾರ ಹೆಸರಲ್ಲಿದೆ ಅಂತ ಟೀ ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ನಮ್ಮ ಕೆರೆಯ ಗುತ್ತಿಗೆದಾರರ ಹತ್ತಿರ ಮೊದಲ ಸಲ ಹೋದಾಗ ಅವರು ಕೇಳಿದ್ದು ಒಂದೇ ಮಾತು. “ಎಷ್ಟು ಕೋಲಣ್ಣಾ?”

“ಒಂದೇ ಅಣ್ಣಾ.”

“ಒಂದಾದ್ರೆ ಕೂತ್ಕೊ. ದೊಡ್ಡದು ಸಿಕ್ರೆ ತೋರ್ಸಿ ಹೋಗು. ಬಲೆ ಗಿಲೆ ತಂದ್ಯೋ, ಆಮೇಲೆ ಸರಿಗಿರಲ್ಲ.”

ಕೇಳದೆ ಕೂತರೆ ಮಾತ್ರ ಜಗಳ. ಕಾಡಂಚಿನ ಕೆರೆಗಳ ವಿಷಯ ಬೇರೆ. ಅರಣ್ಯ ಇಲಾಖೆಯ ಗಡಿಯೊಳಗೆ, ಅದರಲ್ಲೂ 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮದ ಒಳಗೆ ಗಾಳ ತೆಗೆದುಕೊಂಡು ಹೋಗಲೇಬೇಡಿ.

ಯಾವ ತಿಂಗಳು, ಯಾವ ಹೊತ್ತು

ಮೇ ತಿಂಗಳಲ್ಲಿ ಗುಡುಗು ಮಳೆ ಒಂದು ಸುತ್ತು ಬರುತ್ತದೆ. ಕೆರೆ ತುಂಬಿಸುವ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೊಸ ನೀರು ಕೆಂಪಗೆ ನುಗ್ಗಿದ ಎರಡು ಮೂರು ದಿನ ಸುಮ್ನೆ ಮನೆಯಲ್ಲಿರಿ. ನೀರು ತಿಳಿಯಾಗುತ್ತಾ ಬಂದಾಗ, ಕಾಲುವೆ ಕೆರೆಗೆ ಸೇರುವ ಬಾಯಿಯಲ್ಲಿ ಕೂರಿ. ಹುಳ ಹುಪ್ಪಟೆ ಕೊಚ್ಚಿಕೊಂಡು ಬರುವ ಕಡೆ ಮೀನು ಕಾಯುತ್ತಿರುತ್ತದೆ. ನನಗೆ ಇಷ್ಟದ ತಿಂಗಳುಗಳು ಫೆಬ್ರವರಿ, ಮಾರ್ಚ್. ನೀರು ಇಳಿದು ಮೀನು ಒತ್ತೊತ್ತಾಗುತ್ತದೆ, ಬಿಸಿಲೂ ಹದವಾಗಿರುತ್ತದೆ. ಏಪ್ರಿಲ್ ಕೊನೆಯ ಹೊಂಡದಲ್ಲಿ ಹಿಡಿಯುವುದು ಮೀನುಗಾರಿಕೆ ಅಲ್ಲ, ದೋಚುವುದು.

ಡಿಸೆಂಬರ್, ಜನವರಿಯ ಚಳಿಗೆ ಬೆಳಗಿನ ಜಾವ ಹೋಗಿ ಪ್ರಯೋಜನವಿಲ್ಲ. ತೆಳುನೀರು ರಾತ್ರಿ ಬೇಗ ತಣ್ಣಗಾಗುತ್ತದೆ, ಮೀನು ಏರಿ ಬುಡದ ಆಳದಲ್ಲಿ ಮಂಕಾಗಿ ಬಿದ್ದಿರುತ್ತದೆ. ಹತ್ತು ಗಂಟೆಯ ಮೇಲೆ ಬಿಸಿಲು ಬಿದ್ದ ದಡಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಉಲ್ಟಾ: ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ.

ಗಾಳಿ ಬೀಸಿದರೆ ಎಲ್ಲರೂ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಎಸೆಯಲು ಸುಲಭ ಅಂತ. ಗಾಳಿ ಹೋಗಿ ಬಡಿಯುವ ದಡದಲ್ಲಿ ಕೂತು ನೋಡಿ. ಮೇಲಿನ ಪಾಚಿ, ಸಣ್ಣ ಹುಳ ಎಲ್ಲ ಅಲ್ಲಿಗೇ ತೇಲಿಬಂದು ಸೇರುತ್ತದೆ. ಮೀನೂ ಹಿಂದೆಯೇ ಬರುತ್ತದೆ.

ಹೊಸಬರು ಮೋಸಹೋಗುವ ಒಂದು ನೋಟ ಇದೆ. ಮೋಡ ಮುಚ್ಚಿ, ಗಾಳಿಯಿಲ್ಲದೆ ಸೆಖೆ ಕಾದ ರಾತ್ರಿಯ ಮರುದಿನ ಬೆಳಿಗ್ಗೆ ಕೆರೆ ತುಂಬ ಮೀನು ಬಾಯಿ ತೆರೆದು ಮೇಲೆ ತೇಲುತ್ತಿರುತ್ತವೆ. ಹಸಿವಲ್ಲ ಅದು. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ಮುಗಿದಿದೆ, ಮೀನು ಏದುಸಿರು ಬಿಡುತ್ತಿವೆ. ಮೂಗಿನ ಮುಂದೆ ಎರೆಹುಳು ಹಿಡಿದರೂ ಕಚ್ಚುವುದಿಲ್ಲ. ಗುತ್ತಿಗೆದಾರರಿಗೆ ಒಂದು ಫೋನ್ ಮಾಡಿ, ಮನೆಗೆ ಹೋಗಿ.

ಯಾವ ಮೀನು ಎಲ್ಲಿ

ಬಾಯಿ ನೋಡಿದರೆ ಮೀನು ಎಲ್ಲಿ ಮೇಯುತ್ತದೆ ಅಂತ ಗೊತ್ತಾಗುತ್ತದೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ, ಅದು ಮೇಲುನೀರಿನ ಮೀನು. ರೋಹು ನಡುನೀರು. ಮೃಗಾಲ್, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ತಳದಲ್ಲಿ. ಗೆಂಡೆ ಕೆಸರು ಕೆದಕುವಾಗ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಏಳುತ್ತವೆ, ಆ ಸಾಲಿನ ಮುಂದೆ ಗಾಳ ಇಳಿಸಿ. ಬೆಳ್ಳಿ ಗೆಂಡೆ ಹಸಿರು ನೀರನ್ನು ಸೋಸಿ ತಿನ್ನುವ ಮೀನು, ಗಾಳಕ್ಕೆ ಸಿಗುವುದು ಅಪರೂಪ.

ಜಿಲೇಬಿ, ಅಂದರೆ ತಿಲಾಪಿಯಾ, ಎಲ್ಲೆಲ್ಲೂ ಇದೆ. ದಡದ ತೆಳುನೀರಿನಲ್ಲಿ ಬಟ್ಟಲಿನಂಥ ದುಂಡು ಗುಂಡಿಗಳು ಕಂಡರೆ ಅವು ಜಿಲೇಬಿಯ ಗೂಡು. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮೀನಿಲ್ಲ. ಎಷ್ಟು ಹಿಡಿದರೂ ಕೆರೆಗೆ ನಷ್ಟವಿಲ್ಲ.

ಆದರೆ ಈ ಕೆರೆಗಳ ರಾಜ ಕೊರವ ಮೀನು. ತಮಿಳರ ವಿರಾಲ್, ತೆಲುಗರ ಕೊರ್ರಮೀನು. ಜೊಂಡು, ತಾವರೆ ಎಲೆಯ ಅಂಚಿನಲ್ಲಿ, ಎರಡಡಿ ನೀರಿನಲ್ಲಿ ಕಟ್ಟಿಗೆಯಂತೆ ಅಲ್ಲಾಡದೆ ನಿಂತಿರುತ್ತದೆ. ಗಾಳಿಯನ್ನೂ ಉಸಿರಾಡುವ ಮೀನು ಇದು. ಆಗಾಗ ಮೇಲೆ ಬಂದು ‘ಗುಳಕ್’ ಅಂತ ಒಂದು ಗುಟುಕು ಎಳೆದುಕೊಂಡು ಇಳಿಯುತ್ತದೆ. ಆ ಸದ್ದು ಕಿವಿಗೆ ಅಭ್ಯಾಸವಾದರೆ ಅರ್ಧ ಗೆದ್ದಂತೆ. ಸದ್ದು ಬಂದ ಜಾಗದಿಂದ ಒಂದು ಮಾರು ಆಚೆಗೆ ಗಾಳವಿರುವ ರಬ್ಬರ್ ಕಪ್ಪೆ ಎಸೆದು, ಎಲೆಗಳ ಮೇಲೆ ಕುಪ್ಪಳಿಸುವ ಹಾಗೆ ಎಳೆದು ತನ್ನಿ. ಕೊರವ ಬಾಯಿ ಹಾಕಿದ ಕೂಡಲೇ ಎಳೆಯಬೇಡಿ. ‘ಒಂದು, ಎರಡು’ ಎಣಿಸಿ ಎಳೆಯಿರಿ. ನಾನು ಇದನ್ನು ಕಲಿಯಲು ಮೂರು ಮಳೆಗಾಲ ಬೇಕಾಯಿತು.

ಮಳೆಗಾಲದಲ್ಲಿ ಕೆಂಪು, ಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಕುದಿಯುವ ಹಾಗೆ ಮೇಲೆ ತೇಲುತ್ತಿದ್ದರೆ ಕೆಳಗೆ ತಂದೆತಾಯಿ ಕೊರವ ಕಾವಲಿರುತ್ತವೆ. ಆಗ ಅವು ಏನು ಹತ್ತಿರ ಬಂದರೂ ಮೈಮೇಲೆ ಬೀಳುತ್ತವೆ. ಹಿಡಿಯುವುದು ತೀರಾ ಸುಲಭ. ದಯವಿಟ್ಟು ಹಿಡಿಯಬೇಡಿ. ಕಾವಲು ಹೋದರೆ ಆ ಗುಂಪು ನೀರುಕಾಗೆಗೆ ತುತ್ತು.

ಗಾಳ ಕಟ್ಟುವುದು

ಹತ್ತು ಹನ್ನೆರಡು ಅಡಿಯ ಬಿದಿರು ಕೋಲು ಸಾಕು. ಗಟ್ಟಿ ಬಿದಿರು ನೋಡಿ ಕಡಿದು, ನೆರಳಲ್ಲಿ ಒಣಗಿಸಿ. ದಾರ 0.25 ಮಿ.ಮೀ. ನೈಲಾನ್, ಕೋಲಿನಷ್ಟೇ ಉದ್ದ. ಗೆಂಡೆಗೆ 0.30. ಜಿಲೇಬಿಗೆ 10ನೇ ನಂಬರ್ ಗಾಳ, ರೋಹು, ಗೆಂಡೆಗೆ 6 ಅಥವಾ 8. ನಂಬರ್ ಕಡಿಮೆಯಾದಷ್ಟೂ ಗಾಳ ದೊಡ್ಡದು ಅನ್ನುವುದು ನೆನಪಿರಲಿ. ಬೆಂಡಿಗೆ ಸವೆದ ಹವಾಯಿ ಚಪ್ಪಲಿ ಕತ್ತರಿಸಿ ಕಡಲೆಕಾಯಿಯಷ್ಟು ತುಂಡು ಮಾಡಿ. ತೆಳುನೀರಿಗೆ ದೊಡ್ಡ ಬೆಂಡು ಬೇಡ, ಬಿದ್ದ ಸದ್ದಿಗೇ ಮೀನು ಓಡುತ್ತದೆ. ಸೀಸದ ಗುಂಡನ್ನು ಗಾಳದಿಂದ ನಾಲ್ಕು ಬೆರಳು ಮೇಲೆ ಕಚ್ಚಿಸಿ, ಬೆಂಡು ಮುಕ್ಕಾಲು ಮುಳುಗುವಷ್ಟು ಮಾತ್ರ.

ರಾಗಿ ಉಂಡೆ

ಜಿಲೇಬಿಗೂ ಬೆಕ್ಕುಮೀಸೆಯ ಮೀನುಗಳಿಗೂ ಎರೆಹುಳು ಸಾಕು. ಗೊಬ್ಬರದ ಗುಂಡಿ ಅಂಚಲ್ಲಿ ಬೇಕಾದಷ್ಟು ಸಿಗುತ್ತದೆ. ರೋಹು, ಮೃಗಾಲ್, ಗೆಂಡೆಗೆ ನಮ್ಮ ರಾಗಿಯೇ. ಒಂದು ಲೋಟ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ, ಊಟದ ಮುದ್ದೆಗಿಂತ ಗಟ್ಟಿಯಾಗಿ. ಕೈ ತಾಳುವಷ್ಟು ಆರಿದ ಮೇಲೆ ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಅರ್ಧ ಲೋಟ, ಅಡಿಕೆಯಷ್ಟು ಬೆಲ್ಲ ಹಾಕಿ ನಾದಿ. ಕೊನೆಗೆ ಒಂದು ಚಿಟಿಕೆ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ ಮತ್ತೆ ನಾದಿ. ಹತ್ತಿಯೇ ಇದರ ಗುಟ್ಟು. ಹಿಟ್ಟು ನೀರಲ್ಲಿ ಕರಗಿದರೂ ಎಳೆ ಗಾಳಕ್ಕೆ ಹಿಡಿದುಕೊಂಡಿರುತ್ತದೆ. ಕಡಲೆಕಾಳಿನಷ್ಟು ಉಂಡೆ ಮಾಡಿ ಒಂದು ಲೋಟ ನೀರಿಗೆ ಹಾಕಿ ನೋಡಿ. ಹತ್ತು ನಿಮಿಷ ನಿಂತರೆ ಹದ ಸರಿ. ಮುಂಚೆ ಕರಗಿದರೆ ಇನ್ನಷ್ಟು ಹಿಟ್ಟು.

ಕೂರುವ ಜಾಗಕ್ಕೆ ಅರ್ಧ ಗಂಟೆ ಮೊದಲೇ ತೌಡು, ಹಿಂಡಿ ಕಲಸಿದ ಮೂರು ನಿಂಬೆಗಾತ್ರದ ಉಂಡೆ ಹಾಕಿ. ಮೂರೇ. ಜಾಸ್ತಿ ಹಾಕಿದರೆ ಮೀನು ಹೊಟ್ಟೆ ತುಂಬಿಸಿಕೊಂಡು ಹೋಗುತ್ತದೆ.

ಕೂತ ಮೇಲೆ

ನೀರಂಚಿನಲ್ಲಿ ನಿಲ್ಲಬೇಡಿ. ಎರಡು ಹೆಜ್ಜೆ ಹಿಂದೆ ಕೂರಿ, ನೆರಳು ನೀರಿಗೆ ಬೀಳದಿರಲಿ. ಏರಿ ಮೇಲೆ ದಡದಡ ನಡೆದರೆ ಆ ಅದುರು ನೀರಿಗೆ ಮುಟ್ಟುತ್ತದೆ.

ಬೆಂಡು ಟಕಟಕ ಕುಣಿದರೆ ಜಿಲೇಬಿ ಅಥವಾ ಪುಡಿಮೀನು. ಸ್ವಲ್ಪ ತಾಳಿ, ಮುಳುಗಿದಾಗ ಎಳೆಯಿರಿ. ನಿಂತಿದ್ದ ಬೆಂಡು ಮೇಲೆದ್ದು ಅಡ್ಡ ಮಲಗಿದರೆ ತಳದ ಮೀನು ಸೀಸ ಸಮೇತ ಎತ್ತಿದೆ ಅಂತ ಅರ್ಥ, ತಕ್ಷಣ ಎಳೆಯಿರಿ. ಒಂದೇ ಸಮನೆ ಪಕ್ಕಕ್ಕೆ ಸರಿದರೆ ರೋಹು. ಎಳೆಯುವುದು ಅಂದರೆ ಮಣಿಕಟ್ಟಿನಲ್ಲಿ ಒಂದು ಚುರುಕು ಅಷ್ಟೇ, ಭಾವಿಯಿಂದ ಕೊಡ ಸೇದಿದಂತಲ್ಲ. ದೊಡ್ಡದು ಬಿದ್ದರೆ ಕೋಲು ನೆಟ್ಟಗೆ ಹಿಡಿದು ಅದು ಬಾಗಿ ಮೀನನ್ನು ದಣಿಸಲು ಬಿಡಿ, ಬೊಡ್ಡೆ ಕಡೆ ಮಾತ್ರ ಹೋಗಲು ಬಿಡಬೇಡಿ. ಸುಸ್ತಾಗಿ ಪಕ್ಕಕ್ಕೆ ಮಗುಚಿದ ಮೇಲೆ ದಡಕ್ಕೆ ಜಾರಿಸಿ.

ಬೆಕ್ಕುಮೀಸೆಯ ಚೇಳುಮೀನು, ಗಿರ್ಲು ಸಿಕ್ಕರೆ ಬರಿಗೈ ಹಾಕಬೇಡಿ. ಕಿವಿಯ ಪಕ್ಕದ ರೆಕ್ಕೆಯಲ್ಲಿ ಮುಳ್ಳಿದೆ. ಚೇಳುಮೀನಿನ ಮುಳ್ಳು ವಿಷದ್ದು. ಚುಚ್ಚಿದರೆ ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿಡಿ, ಉರಿ ಇಳಿಯುತ್ತದೆ. ಊತ ಏರಿದರೆ ಆಸ್ಪತ್ರೆಗೆ ಹೋಗಿ.

ಆನೆ, ಸಿಡಿಲು, ನೊರೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ರಾಗಿ ಕೊಯ್ಲಿನ ಹೊತ್ತಿಗೆ, ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ಕಾಡು ದಾಟಿ ಸಾನಮಾವು ಕಡೆಗೆ ಬರುತ್ತವೆ. ನೀರಿಗೆ ಇಳಿಯುವುದು ನಮ್ಮ ಕೆರೆಗಳಿಗೇ. ಆ ತಿಂಗಳುಗಳಲ್ಲಿ ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಕೆರೆ ಕಡೆ ಹೋಗಬೇಡಿ. ಹಿಂದಿನ ರಾತ್ರಿ ಎಲ್ಲಿ ಬಂದಿದ್ದವು ಅಂತ ಹಾಲಿನ ಡೇರಿ ಹತ್ತಿರ ಕೇಳಿಕೊಂಡೇ ಹೊರಡಿ.

ಗುಡುಗಿದರೆ ಕೋಲು ಕೆಳಗಿಟ್ಟು ಏರಿ ಇಳಿದುಬಿಡಿ. ಕಾರ್ಬನ್ ರಾಡು ಇರುವವರು ಮೇಲೆ ಕರೆಂಟ್ ತಂತಿ ಹಾದಿದೆಯಾ ಅಂತ ನೋಡಿಕೊಂಡು ಬೀಸಿ, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ.

ದಕ್ಷಿಣ ಪಿನಾಕಿನಿಯಲ್ಲಿ ಬರುವ ಕೊಳಚೆಗೆ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಬಿಳಿ ನೊರೆ ಏಳುವುದು ಪೇಪರ್‌ನಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ನೊರೆ ಕಂಡ, ಸೀಮೆಎಣ್ಣೆ ವಾಸನೆ ಬಂದ ನೀರಿನ ಮೀನು ಎಷ್ಟೇ ದಪ್ಪಗಿದ್ದರೂ ನಾನು ಮನೆಗೆ ತರುವುದಿಲ್ಲ. ಮಳೆನೀರು ಮಾತ್ರ ಬರುವ ಮೇಲಿನ ಕೆರೆ ನೋಡಿಕೊಳ್ಳಿ.

ಎದ್ದು ಹೊರಡುವಾಗ

ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ, ಒಣಗಿದ ಕೈ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ಗಾಳ ಗಂಟಲೊಳಗೆ ಹೋಗಿದ್ದರೆ ಎಳೆದಾಡದೆ ದಾರ ಕತ್ತರಿಸಿ ಬಿಡಿ. ಒಯ್ಯುವ ಕೊರವವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿದರೆ ಮನೆ ತಲುಪುವವರೆಗೂ ಬದುಕಿರುತ್ತದೆ. ಜಿಲೇಬಿ, ರೋಹು ಹಾಗಲ್ಲ, ಅಲ್ಲೇ ಕಿವಿರು ತೆಗೆದು ತೊಳೆದುಕೊಳ್ಳಿ.

ಗಂಟುಬಿದ್ದ ನೈಲಾನ್ ದಾರವನ್ನು ದಡದಲ್ಲಿ ಬಿಡಬೇಡಿ. ಹೋದ ವರ್ಷ ಎರಡು ಕಾಲಿಗೂ ದಾರ ಸುತ್ತಿಕೊಂಡ ಬೆಳ್ಳಕ್ಕಿಯೊಂದನ್ನು ಬಿಡಿಸಲು ನನಗೂ ಆ ಕುರಿ ಹುಡುಗನಿಗೂ ಅರ್ಧ ಗಂಟೆ ಹಿಡಿಯಿತು. ದಾರವನ್ನು ಗೇಣುದ್ದ ಕತ್ತರಿಸಿ ಜೇಬಿಗೆ ಹಾಕಿಕೊಂಡು ಬನ್ನಿ. ಉಳಿದ ರಾಗಿ ಉಂಡೆ ನಮ್ಮನೆಯಲ್ಲಿ ಕೋಳಿಗೆ ಹೋಗುತ್ತದೆ, ಹತ್ತಿ ಇರುವ ಉಂಡೆ ಬಿಟ್ಟು.